ಅಂಬಮ್ಮ ಜಪ್ತಿ ಮಾಡಿದ ಎತ್ತು

ಅಂಬಮ್ಮನ ಎಡಗೈ ನೆಟ್ಟಗೆ ಚಾಚುತ್ತಿರಲಿಲ್ಲ. ಮದುವೆಯಾದ ಮೂರನೇ ವರ್ಷ ಗಂಡ ಲಕ್ಕಣ್ಣ ಗಾಡಿಯ ಗೂಟ ಕಿತ್ತು ಬಾರಿಸಿದಾಗ ಮುರಿದದ್ದು ಅದು. ಅವಳು ಆಗ ಆರು ತಿಂಗಳ ಬಸುರಿ. ಹೊಟ್ಟೆಗೆ ಬೀಳಬೇಕಿದ್ದ ಏಟಿಗೆ ಕೈ ಅಡ್ಡ ಕೊಟ್ಟಿದ್ದಳು. ಊರಿನವರು ಲಕ್ಕಣ್ಣನನ್ನು ಮುಂಗೋಪಿ ಅನ್ನುತ್ತಿದ್ದರು. ಹೆಂಡತಿಯ ಮೂಳೆ ಮುರಿಯುವವನಿಗೆ ನಮ್ಮ ಕಡೆ ಎಷ್ಟು ಮೆತ್ತಗಿನ ಹೆಸರು ಸಿಗುತ್ತದೆ ನೋಡಿ.

ಅವಳು ಅಜ್ಜಂಪುರದ ಕಡೆಯವಳು. ಅಪ್ಪ ಪುಟ್ಟಯ್ಯ ಅಲ್ಲಿನ ಕಾವಲಿನಲ್ಲಿ, ಅಂದರೆ ಬಯಲು ಹುಲ್ಲುಗಾವಲಿನಲ್ಲಿ, ಅಮೃತಮಹಲ್ ದನ ಕಾಯುತ್ತಿದ್ದ. ಬಯಲಲ್ಲೇ ಹುಟ್ಟಿ ಬೆಳೆಯುವ ಆ ದನಗಳು ಹೊಸಬರನ್ನು ಕಂಡರೆ ಮೊದಲು ಕೊಂಬು ತಗ್ಗಿಸುತ್ತವೆ. ಲಕ್ಕಣ್ಣ ಸಖರಾಯಪಟ್ಟಣದ ಹತ್ತಿರದ ಹಳ್ಳಿಯವನು, ಕಡೂರಿನ ಮಂಡಿಗೆ ತೆಂಗಿನಕಾಯಿ ಗಾಡಿ ಹೊಡೆಯುತ್ತಿದ್ದ. ಮದುವೆಯ ಹೊಸದರಲ್ಲಿ ಜಂಬಕ್ಕೆ ಆ ತಳಿಯ ಒಂದು ಗಂಡುಗರು ಕೊಂಡು ತಂದ. ಅದು ಇಬ್ಬರನ್ನು ತಿವಿದ ಮೇಲೆ ಕೊಟ್ಟಿಗೆಯ ಕಡೆ ಯಾರೂ ಸುಳಿಯಲಿಲ್ಲ. ಅಂಬಮ್ಮ ಹದಿನೈದು ದಿನ ಅದರ ಕಣ್ಣೆದುರು ನೆಲದ ಮೇಲೆ ಸುಮ್ಮನೆ ಕೂತಳು. ಹದಿನಾರನೇ ದಿನ ಅದರ ಕತ್ತಿನಡಿಯ ಗಂಗೆದೊಗಲು ಸವರಿದಳು. ಗಾಳಿ ಎಂದು ಹೆಸರಿಟ್ಟವಳೂ ಅವಳೇ.

ಮುರಿದ ಕೈಯಲ್ಲಿ ತವರಿಗೆ ಬಂದು ಮಗಳನ್ನು ಹೆತ್ತಳು. ದುರ್ಗಿ ಎಂದು ಕರೆದಳು. ಆ ಮಗು ತನ್ನದಲ್ಲ ಎಂದು ಲಕ್ಕಣ್ಣ ಹೇಳಿ ಕಳಿಸಿದ. ಎಪ್ಪತ್ತಾರನೇ ಇಸವಿಯಲ್ಲಿ ಅವಳು ತರೀಕೆರೆ ಕೋರ್ಟಿನಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕಿದಾಗ ಅವನು ಕಟಕಟೆ ಹತ್ತಿ, ಮಗುವಿನ ಮುಖ ನೋಡಿಕೊಂಡೇ ಮತ್ತೆ ಅದನ್ನೇ ಹೇಳಿದ. "ಯಾರ್ದೋ ಏನೋ ಸ್ವಾಮಿ, ನಂಗೊತ್ತಿಲ್ಲ." ಎರಡು ವರ್ಷ ಅಲೆದ ಮೇಲೆ ಹುಕುಂ ಆಯಿತು. ಮಗಳು ಅವನದೇ, ತಿಂಗಳಿಗೆ ನಲವತ್ತು ರೂಪಾಯಿ ಕೊಡತಕ್ಕದ್ದು. ಅಂಬಮ್ಮನಿಗೆ ಅನ್ನಕ್ಕೇನೂ ತೊಂದರೆಯಿರಲಿಲ್ಲ, ಕೂಲಿಗೆ ಹೋಗುತ್ತಿದ್ದಳು. ಅವನ ಗಂಟಿನಿಂದ ಒಂದೇ ಒಂದು ಸಲ ದುಡ್ಡು ಬರಬೇಕಿತ್ತು ಅವಳಿಗೆ. ಬಂದರೆ ಮಗಳನ್ನು ಹಾದರಕ್ಕೆ ಹುಟ್ಟಿದವಳು ಎನ್ನುವ ಬಾಯಿಗಳು ಮುಚ್ಚುತ್ತವೆ. ಆ ಮಾತು ಆಗಲೇ ಬಾವಿಕಟ್ಟೆಯಲ್ಲಿ ಹರಿದಾಡುತ್ತಿತ್ತು.

ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಲಕ್ಕಣ್ಣ ಮನೆ, ಹೊಲ, ಗಾಡಿ ಎಲ್ಲವನ್ನೂ ಅಣ್ಣ ಈರಭದ್ರಪ್ಪನ ಹೆಸರಿಗೆ ಮಾಡಿಸಿ ಕೈಯೊದರಿಕೊಂಡು ಕೂತಿದ್ದ. ಗಾಳಿಯೊಂದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಕಟ್ಟಿದ ಎತ್ತನ್ನು ಇನ್ನೊಬ್ಬನ ಹೆಸರಿಗೆ ಬರೆದವನ ಮೀಸೆಗೆ ಆ ಸೀಮೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಕೊಂಡ ರಶೀದಿ ಅವನ ಹೆಸರಲ್ಲೇ ಇತ್ತು. ಅಂಬಮ್ಮನ ವಕೀಲ ಷಣ್ಮುಖಪ್ಪ ಅದನ್ನು ಹೆಕ್ಕಿ ತೆಗೆದು ಜಪ್ತಿ ವಾರಂಟು ಹೊರಡಿಸಿದ.

ದಫೇದಾರ ಮುದ್ದಪ್ಪ ಒಬ್ಬ ಪೇದೆಯನ್ನು ಕರೆದುಕೊಂಡು ಹೋದ. ಲಕ್ಕಣ್ಣ ನಗುನಗುತ್ತಲೇ ಕೊಟ್ಟಿಗೆಯ ಗಳ ಸರಿಸಿದ. ಅಂಬಮ್ಮ ಹೋದ ಮೇಲೆ ನಾಲ್ಕು ವರ್ಷ ಅವನ ಚಾಟಿ, ಉಪವಾಸ, ಕಾಸಿದ ಕಬ್ಬಿಣ ತಿಂದ ಎತ್ತು ಬಿರುಗಾಳಿಯಂತೆ ಹೊರಬಿತ್ತು. ಪೇದೆಯ ತೊಡೆಗೆ ಕೊಂಬು ಹೊಕ್ಕು, ಅಂಗಳದಿಂದ ಬಾವಿಯವರೆಗೆ ರಕ್ತ ಹರಿಯಿತು. ಜಪ್ತಿ ಸಾಧ್ಯವಾಗಲಿಲ್ಲವೆಂದು ಬರೆದು ವಾರಂಟು ವಾಪಸಾಯಿತು.

ಮರುವಾರಂಟು ಬಂದಾಗ ಮುದ್ದಪ್ಪನ ಜೊತೆ ಅಂಬಮ್ಮ ತಾನೇ ಹೊರಟಳು. ಊರೆಲ್ಲ ಗೋಡೆ ಹತ್ತಿ ಕೂತಿತ್ತು. ಗಳ ಸರಿದದ್ದೇ ಗಾಳಿ ಅವಳ ಮೇಲೆ ನುಗ್ಗಿ, ಎತ್ತಿ ಗೋಡೆಗೆ ಒಗೆಯಿತು. ಪಕ್ಕೆ ಸೀಳಿ ಸೀರೆ ಒದ್ದೆಯಾಯಿತು. ಸಾಯುತ್ತೇನೆ ಅಂತಲೇ ಅವಳಿಗೆ ಅನ್ನಿಸಿತು. ಆದರೂ ಓಡಲಿಲ್ಲ. ಅಂಗಳದ ನಡುವೆ ತೆವಳಿ ಬಂದು, ಹಿಂದೆ ಕೂರುತ್ತಿದ್ದಂತೆ ಚಕ್ಕಂಬಕ್ಕಳ ಹಾಕಿ ಕೂತಳು. ಎತ್ತು ಇನ್ನೊಮ್ಮೆ ನುಗ್ಗಿ ಬಂದು ಮಾರು ದೂರದಲ್ಲಿ ನಿಂತಿತು. ಅದರ ಬೆನ್ನ ಮೇಲಿನ ಬರೆಗಳು ಆಗ ಕಂಡು ಅವಳಿಗೆ ದುಃಖ ಉಕ್ಕಿತು. ಬಹಳ ಹೊತ್ತಾದ ಮೇಲೆ ಅದು ಮೆಲ್ಲನೆ ಬಂದು ಅವಳ ನೆತ್ತಿ ಮೂಸಿತು. ಅವಳು ಮೂಗುದಾರ ಹಿಡಿದು ಎದ್ದು ಬಾಗಿಲ ಕಡೆ ನಡೆಸಿಕೊಂಡು ಹೊರಟಳು.

ಗೋಡೆಯ ಮೇಲೆ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಲಕ್ಕಣ್ಣ ಕಾಯಿ ಕೆತ್ತುವ ಮಚ್ಚು ಎತ್ತಿಕೊಂಡು ಹಿಂದಿನಿಂದ ಬಂದು ಗಾಳಿಯ ಹಿಂಗಾಲಿಗೆ ಎರಡು ಏಟು ಹಾಕಿದ. ನರ ಕತ್ತರಿಸಿ ಕಾಲು ಮಡಿಚಿ ಎತ್ತು ಕುಸಿಯಿತು. ಮಚ್ಚು ಅಂಬಮ್ಮನ ಕಡೆ ತಿರುಗುವಷ್ಟರಲ್ಲಿ ಮುದ್ದಪ್ಪನ ಲಾಠಿ ಅವನ ದವಡೆಗೆ ಬಿತ್ತು. ಹಲ್ಲು ಉದುರಿದವು. ತೆಂಗಿನ ಮರಕ್ಕೆ ಅವನನ್ನು ಕಟ್ಟಿದ ಮೇಲೆ ತನ್ನ ಎತ್ತನ್ನು ನೋಡಿ ಅತ್ತ. ಕೋಪದಲ್ಲಿ ಕೊಯ್ದ ಮೂಗು ಅತ್ತರೆ ಬರುತ್ತದೆಯೇ.

ಕಾಲು ಹೋದ ಎತ್ತನ್ನು ಕಟುಕರವನು ಬಿಟ್ಟು ಇನ್ಯಾರೂ ಹರಾಜಿನಲ್ಲಿ ಕೂಗುವುದಿಲ್ಲ ಎಂದು ಮುದ್ದಪ್ಪ ಹೇಳಿದ. ಈರಭದ್ರಪ್ಪ ಕೈ ಮುಗಿದ. ಜಪ್ತಿ ಬಿಟ್ಟರೆ ಸಾಯುವವರೆಗೂ ಸಾಕುತ್ತೇನೆ, ನಿನ್ನ ನಂಬಿ ಬಂದ ಮೂಕಪ್ರಾಣಿಯಮ್ಮ ಅಂದ. ಗಾಳಿ ಅವಳ ತೊಡೆಯ ಮೇಲೆ ತಲೆಯಿಟ್ಟು ಏದುತ್ತಿತ್ತು. ಅಂಬಮ್ಮ ಅದರ ಹಣೆ ಸವರುತ್ತ ದಫೇದಾರನನ್ನು ಒಂದೇ ಮಾತು ಕೇಳಿದಳು.

"ದುಡ್ಡು ಕೊಡುವಾಗ ಕೋರ್ಟ್ನೋರು ಏನಂತ ಬರೀತಾರೆ?"

"ತಂದೆ ಲಕ್ಕಣ್ಣನಿಂದ ಮಗಳು ದುರ್ಗಮ್ಮಂಗೆ ಅಂತ."

"ಹಂಗಾದ್ರೆ ಮಾರ್ಬಿಡಿ."

ಕೈ ಎತ್ತಿನ ಹಣೆಯ ಮೇಲೇ ಇತ್ತು. ಮಾರನೆಯ ದಿನ ಗಾಡಿ ಬಂದು ಅದನ್ನು ಹೊತ್ತುಕೊಂಡು ಹೋಗುವವರೆಗೂ ಅವಳು ಪಕ್ಕ ಬಿಟ್ಟು ಏಳಲಿಲ್ಲ, ನೀರು ಕುಡಿಸಿದಳು, ನೊಣ ಓಡಿಸಿದಳು. ತರೀಕೆರೆಯಲ್ಲಿ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆದುಕೊಂಡಳು. ಕೋರ್ಟು ಕೊಟ್ಟ ರಶೀದಿಯನ್ನು ಬಾವಿಕಟ್ಟೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿಸಿದಳು.

ಮಚ್ಚು ಎತ್ತಿದ್ದಕ್ಕೆ ಜೈಲಿಗೆ ಹೋಗಿದ್ದ ಲಕ್ಕಣ್ಣ ಹೊರಬಂದ ಮೇಲೆ ಎಂಬತ್ತರ ದಶಕ ಪೂರ್ತಿ, ಒಂದು ತಿಂಗಳೂ ತಪ್ಪದೆ, ಅಜ್ಜಂಪುರದ ಪೋಸ್ಟಿಗೆ ಮನಿಯಾರ್ಡರ್ ಬಂತು. ಜೈಲು ಅವನನ್ನು ನೆಟ್ಟಗೆ ಮಾಡಿತು ಎಂದು ಜನ ಆಡಿಕೊಂಡರು. ಅವನು ಹೆಂಡದಂಗಡಿಯಲ್ಲಿ ಒಮ್ಮೆ ಬಾಯಿ ಬಿಟ್ಟಿದ್ದು ಬೇರೆ. "ಜೈಲ್ಗಲ್ಲ ಕಣೋ. ತಲೆ ಸವರ್ತಾ ಸವರ್ತಾನೇ ಮಾರ್ಬಿಟ್ಲಲ್ಲ, ಅವ್ಳಿಗೆ ಹೆದರ್ತೀನಿ ನಾನು."

ಆ ಮಾತನ್ನು ಯಾರೋ ಅಂಬಮ್ಮನಿಗೆ ತಂದು ಮುಟ್ಟಿಸಿದರು, ನಗುತ್ತಾಳೆ ಎಂದುಕೊಂಡು. ಅವಳು ನಗಲಿಲ್ಲ. ಹಣೆ ಸವರುತ್ತಲೇ ಮಾರಿದ ಆ ಹೆಂಗಸೆಂದರೆ ಅವಳಿಗೂ ಭಯವೇ ಇತ್ತು.