ಉಕ್ಕಲು ಬಿಡದ ಹಾಲು

2025ರ ಫೆಬ್ರವರಿ 16, ಭಾನುವಾರ ಬೆಳಿಗ್ಗೆ, ದೊಡ್ಡಬಳ್ಳಾಪುರದ ನಮ್ಮ ಬಡಾವಣೆಯ ಒಂದು ಮಹಡಿ ಮನೆಯಲ್ಲಿ, ಇನ್ನೇನು ಉಕ್ಕಲಿದ್ದ ಹಾಲಿನ ಒಲೆಯನ್ನು ಆರಿಸಲಾಯಿತು. ಆರಿಸಿದವರು ನಿವಾಸಿಗಳ ಸಂಘದ ಕಾರ್ಯದರ್ಶಿ ಶ್ರೀ ಕೆಂಪರಾಜು. ಹಾಲಿಟ್ಟಿದ್ದವರು ಆ ಮನೆಗೆ ಬಾಡಿಗೆಗೆ ಬಂದ ಗಣಿತ ಶಿಕ್ಷಕಿ ಶ್ರೀಮತಿ ಅನ್ವರ್ ಬೇಗಂ. ಪಕ್ಕದ ಮನೆಯವನಾದ ನಾನು ಆಹ್ವಾನಿತನಾಗಿ ಅಡುಗೆಮನೆಯ ಬಾಗಿಲಲ್ಲಿಯೇ ಇದ್ದೆ. ಆದ್ದರಿಂದ ಇದು ಕೇಳಿದ ಸುದ್ದಿಯಲ್ಲ, ಕಂಡದ್ದು.

ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಆಕೆಯನ್ನು ‘ಹೊರದೇಶದ ಹೆಂಗಸು’ ಎಂದು ಬರೆಯಲಾಗಿದೆ. ಇದು ಸುಳ್ಳು. ಅನ್ವರ್ ಬೇಗಂ ಹುಟ್ಟಿದ್ದು ಇದೇ ಊರಿನ ಪೇಟೆಯಲ್ಲಿ. ತಂದೆ ಮಗ್ಗದ ಕೆಲಸದವರು. ಪತಿ ತೀರಿಕೊಂಡ ಮೇಲೆ, 2013ರಲ್ಲಿ, ಮಾಲ್ದೀವ್ಸ್‌ನ ಒಂದು ಸಣ್ಣ ದ್ವೀಪದ ಶಾಲೆಗೆ ಪಾಠ ಹೇಳಲು ಹೋದರು. ಆಕೆ ಹೊರದೇಶದವರಾಗಿದ್ದುದು ಅಲ್ಲಿ, ಇಲ್ಲಲ್ಲ.

ಅಲ್ಲಿ ಸ್ವರ್ಗವೇನೂ ಕಾದಿರಲಿಲ್ಲ. ಈ ತುದಿಯಿಂದ ಆ ತುದಿಗೆ ನಡೆದೇ ಮುಗಿಸಬಹುದಾದಷ್ಟು ನೆಲ. ಬಾವಿಯ ನೀರೂ ಉಪ್ಪು. ಶಾಲೆಯವರು ಕೊಟ್ಟ ಕೋಣೆ ಮಳೆಗೆ ಸೋರುತ್ತಿತ್ತು. ಬೇರೆ ಮನೆ ಹುಡುಕಿದರೆ, ಎರಡು ಕಡೆ ‘ಇಂಡಿಯಾದವರಿಗೆ ಕೊಡುವುದಿಲ್ಲ’ ಎಂದು ಮುಖದ ಮೇಲೆಯೇ ಹೇಳಿದರು. ಮೂರನೆಯದು ಮೀನುಗಾರನ ಹೆಂಡತಿ ಹವ್ವಾ ಎಂಬುವರ ಮನೆ. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಆಕೆ ಕೇಳಿದ್ದು ಒಂದೇ ಪ್ರಶ್ನೆ: ಮೀನು ತಿನ್ನುತ್ತೀಯಾ? ತಿನ್ನುತ್ತೇನೆ ಎಂದದ್ದಕ್ಕೆ ಹಿತ್ತಲಿನ ಎರಡು ಕೋಣೆ ಬಿಟ್ಟುಕೊಟ್ಟರು.

ನಮ್ಮ ಕಡೆ ಬಾಡಿಗೆ ಮನೆಯಾದರೂ ಮೊದಲು ಹಾಲು ಉಕ್ಕಬೇಕು. ಉಕ್ಕಿದ ಮೇಲೆಯೇ ಅದು ಮನೆ. ಅನ್ವರ್ ಬೇಗಂ ಅಲ್ಲಿಯೂ ಆ ರೂಢಿ ಬಿಡಲಿಲ್ಲ. ದ್ವೀಪದಲ್ಲಿ ಹಸುವಿಲ್ಲ. ಹಾಲಿನ ಪುಡಿಯನ್ನು ನೀರಿಗೆ ಕದಡಿ ಒಲೆಯ ಮೇಲಿಟ್ಟರು. ನೊರೆ ಮೇಲೇರುತ್ತಿದ್ದಂತೆ ಹವ್ವಾ ಓಡಿ ಬಂದು ಒಲೆ ಆರಿಸಿಬಿಟ್ಟರು. ಪಾಪ, ಈ ಟೀಚರಿಗೆ ಹಾಲು ಕಾಯಿಸಲೂ ಬಾರದು ಎಂದುಕೊಂಡು. ವಿಷಯ ತಿಳಿದಾಗ ನಾಚಿ, ತಮ್ಮ ಡಬ್ಬಿಯ ಪುಡಿಯನ್ನೇ ಸುರಿದು ಎರಡನೆಯ ಸಲ ಇಟ್ಟರು. ಒಲೆಯೆಲ್ಲ ತೊಯ್ದು ನೆಲಕ್ಕಿಳಿಯುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ. ಆ ಮನೆಯಲ್ಲಿ ಅನ್ವರ್ ಬೇಗಂ ಹನ್ನೊಂದು ವರ್ಷ ಇದ್ದರು.

ಕಳೆದ ವರ್ಷ ಶಾಲೆಯ ಕರಾರು ಮುಗಿಯಿತು. ಪಕ್ಕದ ದ್ವೀಪದ ಶಾಲೆ ಕರೆದರೂ ಒಪ್ಪದೆ, ತಾಯಿಯನ್ನು ಮಣ್ಣು ಮಾಡಿದ ಊರಿನಲ್ಲಿಯೇ ಉಳಿಯಬೇಕೆಂದು ಹಿಂದಿರುಗಿದರು. ನಮ್ಮ ಬೀದಿಯ ಮುನಿಲಕ್ಷ್ಮಮ್ಮನವರು ತಮ್ಮ ಮಹಡಿ ಮನೆಯ ಬೀಗದ ಕೈ ಕೊಟ್ಟರು.

ಆ ಭಾನುವಾರ ಹಾಲು ಕಾಯುತ್ತಿರುವಾಗ ಶ್ರೀ ಕೆಂಪರಾಜು ಚಪ್ಪಲಿ ಬಿಡದೆ ಒಳಗೆ ಬಂದು, ಒಲೆಯ ಪಕ್ಕದಲ್ಲಿದ್ದ ಮುನಿಲಕ್ಷ್ಮಮ್ಮನವರನ್ನು ಕೇಳಿದರು:

“ಏನಕ್ಕ, ಸಂಘ ಅಂತ ಒಂದೈತೆ ಅನ್ನೋದೇ ಮರ್ತ್ಬಿಟ್ರಾ?”

“ಮನೆ ನಂದು ಕಣಪ್ಪ,” ಎಂದರು ಮುನಿಲಕ್ಷ್ಮಮ್ಮ. “ನಲ್ಲೀಲಿ ನೀರು ಬರ್ದಿದ್ದಾಗ ಎಲ್ಲೋಗಿತ್ತು ನಿನ್ ಸಂಘ?”

“ಮನೆ ನಿಮ್ದೇ, ಬೀದಿ ಎಲ್ರುದು. ಇಲ್ಲಿ ಫ್ಯಾಮಿಲಿಗೆ ಮಾತ್ರ ಅಂತ ರೂಲ್ಸ್ ಐತೆ. ಇವ್ರು ಒಂಟಿ ಹೆಂಗ್ಸು.”

“ಎದುರುಗಡೆ ಮನೇಲಿ ಮದ್ವೆ ಆಗ್ದಿರೋ ಹುಡುಗ್ರು ಮೂರು ಜನ ಅವ್ರೆ. ಅವ್ರಲ್ಲಿ ಯಾರು ಗಂಡ, ಯಾರು ಹೆಂಡ್ತಿ?”

“ಅವ್ರು ನಮ್ಮೋರು ಕಣಕ್ಕ.”

ಅನ್ವರ್ ಬೇಗಂ ಸೆರಗು ಸರಿಮಾಡಿಕೊಂಡು ಕೇಳಿದರು: “ನಾನು ಯಾರೋಳು ಅಂದ್ಕೊಂಡ್ರಿ ಸಾರ್?”

ಶ್ರೀ ಕೆಂಪರಾಜು ಒಲೆಯ ಹತ್ತಿರ ಬಂದರು. ಪಾತ್ರೆಯನ್ನೇ ನೋಡುತ್ತಿದ್ದರು. ನೊರೆ ಅಂಚಿಗೆ ಬಂದಿತ್ತು. ಕೈಚಾಚಿ ಒಲೆ ಆರಿಸಿದರು.

“ಉಕ್ಕಿದ್ಮೇಲೆ ಎಬ್ಬಿಸಿದ್ರೆ ಪಾಪ ಸುತ್ಕೊಳ್ತದೆ. ಉಕ್ಕಿಲ್ವಲ್ಲ, ಇನ್ನೂ ಇದು ನಿಮ್ಮನೆ ಅಲ್ಲ ಮೇಡಂ.”

ಹವ್ವಾ ಒಲೆ ಆರಿಸಿದ್ದು ಅರ್ಥ ತಿಳಿಯದೆ. ಇವರು ಆರಿಸಿದ್ದು ತಿಳಿದೇ.

ಮುನಿಲಕ್ಷ್ಮಮ್ಮನವರು ಎರಡು ದಿನ ಜಗ್ಗಲಿಲ್ಲ. ಆಮೇಲೆ ಸಂಘದವರು ಅವರ ಮಗನಿಗೆ ಫೋನು ಮಾಡಿದರು. ಮಗ ತಾಯಿಗೆ ಮಾಡಿದ. ಆಕೆ ಕಣ್ಣೊರೆಸಿಕೊಳ್ಳುತ್ತಲೇ ಬೀಗದ ಕೈ ವಾಪಸು ಪಡೆದರು. ಅನ್ವರ್ ಬೇಗಂ ಈಗ ಹೊಸಕೋಟೆಯಲ್ಲಿ, ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗುವ ತಮ್ಮ ಖಲೀಲ್‌ನ ಮನೆಯ ನಡುಮನೆಯಲ್ಲಿ ಮಲಗುತ್ತಾರೆ. ಆ ಪಕ್ಕದ ದ್ವೀಪದ ಶಾಲೆ ಮತ್ತೆ ಕರೆದಿದೆ. ಈ ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ತಿಳಿಸಿದ್ದಾರೆ. ಆ ಮಹಡಿ ಮನೆ ಇಂದಿಗೂ ಖಾಲಿ.

ಶ್ರೀ ಕೆಂಪರಾಜು ಅವರೇ, ಸಂಘದ ಪದಾಧಿಕಾರಿಗಳೇ, ನೀವು ಹೇಳಿದ ನಿಯಮ ಸಂಘದ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ. ಅದನ್ನು ಆದ್ಯಂತ ಓದಿದ್ದೇನೆ. ಕಾರ್ಯದರ್ಶಿಗಳು ತ್ಯಾಮಗೊಂಡ್ಲಿನಿಂದ ಬಂದು ಇಲ್ಲಿ ನೆಲೆಸಿದ್ದು 2011ರಲ್ಲಿ. ಅದು ತಪ್ಪಲ್ಲ. ಅವರು ಹಾಲು ಉಕ್ಕಿಸಿದ ದಿನವೂ ನಾನು ಆಹ್ವಾನಿತನಾಗಿದ್ದೆ. ಯಾರೂ ಒಲೆ ಆರಿಸಲಿಲ್ಲ.

ಗುಂಪಿನಲ್ಲಿ ಬರೆದ ಸುಳ್ಳನ್ನು ಅಲ್ಲಿಯೇ ತಿದ್ದಿ. ತಿಂಗಳು ಮುಗಿಯುವ ಮೊದಲು ಹೊಸಕೋಟೆಗೆ ಹೋಗಿ ಆಕೆಯನ್ನು ಕರೆತನ್ನಿ. ಆರಿಸಿದ ಕೈಯಿಂದಲೇ ಒಲೆ ಹಚ್ಚಿ, ಹಾಲು ಉಕ್ಕಿ ನೆಲಕ್ಕಿಳಿಯುವವರೆಗೆ ಅಲ್ಲಿಯೇ ನಿಂತಿರಿ. ಈ ಸಲ ಚಪ್ಪಲಿಯನ್ನು ಹೊರಗೆ ಬಿಡಿ.