ಬುಧವಾರದ ಸಾಕ್ಷಿ

ಸಹಿ ಹಾಕುವ ಮೊದಲು ಮೇಲೆ ಬರೆದದ್ದನ್ನು ಓದುವವರು ಎಷ್ಟು ಮಂದಿ ಇದ್ದಾರೋ ತಿಳಿಯದು. ನಾನಂತೂ ಬಹುಕಾಲ ಆ ಗುಂಪಿಗೆ ಸೇರಿದವನಲ್ಲ. ಮರಾಠಿ ಸೀಮೆಯ ವಾಕಡದ ನಮ್ಮ ಓಣಿಯಲ್ಲಿ ರೇಶನ್ ಕಾರ್ಡಿನ ಅರ್ಜಿಗೋ ಶಾಲೆಯ ದಾಖಲಾತಿಗೋ ಓದಿದವನೊಬ್ಬನ ಸಹಿ ಬೇಕಾದಾಗ ಜನ ನನ್ನ ಬಾಗಿಲಿಗೆ ಬರುತ್ತಿದ್ದರು; ಅವರು ಬೆರಳಿಟ್ಟ ಜಾಗದಲ್ಲಿ ಹೆಸರು ಗೀಚಿ, ಪರೋಪಕಾರದ ಸಣ್ಣದೊಂದು ಸುಖ ಅನುಭವಿಸಿ, ನಾನು ಮತ್ತೆ ಪತ್ರಿಕೆಗೆ ಮರಳುತ್ತಿದ್ದೆ. ಧಾರವಾಡದಲ್ಲಿ ಎರಡು ವರ್ಷ ರಾಜ್ಯಶಾಸ್ತ್ರ ಓದಿ ಎಲ್ಲವನ್ನೂ ಸಂಶಯಿಸಲು ಕಲಿತವನು ನಿಜ. ಆದರೆ ಆ ಸಂಶಯವೆಲ್ಲ ಸರಕಾರದ ಮೇಲೆ, ದೇವರ ಮೇಲೆ, ವಿಶೇಷವಾಗಿ ನನ್ನ ಜ್ಞಾಪಕಶಕ್ತಿಯ ಮೇಲೆ ವ್ಯಯವಾಗಿ, ಎದುರಿಗಿದ್ದ ಕಾಗದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಈ ಸಂಗತಿ ನಡೆದದ್ದು ಹೊಸ ಶತಮಾನದ ಮೊದಲ ಒಂದೆರಡು ವರ್ಷಗಳಲ್ಲಿ. ಯಾವ ವರ್ಷವೆಂದು ಕೇಳಬೇಡಿ. ನಮ್ಮ ಮನೆಯೆದುರು ಏಳಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ ಯಾದಗಿರಿ ಕಡೆಯ ಭೀಮಣ್ಣ, ಇಟ್ಟಿಗೆ ಹೊರುತ್ತಿದ್ದ ಅವನ ಹೆಂಡತಿ ಮಲ್ಲಮ್ಮ, ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದರು. ಕನ್ನಡದವರೆಂಬ ಕಾರಣಕ್ಕೆ ಎದುರಾದಾಗ ಒಂದೆರಡು ಮಾತು ಆಗುತ್ತಿತ್ತು.

ಒಂದು ಗುರುವಾರ ಹನ್ನೊಂದರ ಸುಮಾರಿಗೆ ಪೊಲೀಸ್ ಹವಾಲ್ದಾರರೊಬ್ಬರು ಬಂದು, "ಸರ್, ಕಾನಡೀ ಯೇತೇ ನಾ ತುಮ್ಹಾಲಾ? ದೋನ್ ಮಿನಿಟಂ. ಫಕ್ತ ಏಕ ಸಹಿ," ಎಂದರು; ಕನ್ನಡ ಬರುತ್ತದಲ್ಲ, ಎರಡೇ ನಿಮಿಷ, ಒಂದೇ ಸಹಿ ಎಂದು. ಕಟ್ಟಡದಲ್ಲಿ ತಾಮ್ರದ ತಂತಿ ಕಳುವಾಗಿ ಭೀಮಣ್ಣನನ್ನು ಹಿಡಿದಿದ್ದರಂತೆ. ಬಂಧನದ ಪಂಚನಾಮೆಗೆ ಸಾಕ್ಷಿಯಾಗಿ ಒಬ್ಬ ಪಂಚ ಬೇಕು, ಆರೋಪಿಗೆ ಅದನ್ನು ಕನ್ನಡದಲ್ಲಿ ತಿಳಿಸುವವನೂ ಬೇಕು. ನನ್ನೊಬ್ಬನಿಂದ ಎರಡೂ ಆಗುತ್ತಿತ್ತು. ಅವರ ಜೊತೆ ಹೋಗಿ, ಪೊಲೀಸ್ ಚೌಕಿಯಲ್ಲಿ ಮೂಲೆಗೆ ಕೂತಿದ್ದ ಭೀಮಣ್ಣನಿಗೆ ನಾನು ಇಡೀ ಕಾಗದವನ್ನು ಸ್ಪಷ್ಟ ಉಚ್ಚಾರದಲ್ಲಿ ಅನುವಾದಿಸಿ ಓದಿದೆ. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಸಬೇಕೆಂಬ ಸಂವಿಧಾನದ ಮಾತು ನನ್ನ ಬಾಯಿಂದಲೇ ನೆರವೇರುತ್ತಿದೆಯೆಂಬ ಹೆಮ್ಮೆಯಲ್ಲಿ ಸಹಿ ಹಾಕಿದೆ. ಅದು ಇಪ್ಪತ್ತೊಂದನೆಯ ವಿಧಿಯೋ ಇಪ್ಪತ್ತೆರಡನೆಯದೋ ಎಂದು ಮೆಟ್ಟಿಲಿಳಿಯುತ್ತ ಯೋಚಿಸುತ್ತಿದ್ದೆ.

ಮೆಟ್ಟಿಲ ಬುಡದಲ್ಲಿ ಮಲ್ಲಮ್ಮ ಕೂತಿದ್ದಳು.

"ಏನ್ ಬರದಾರ್ರಿ ಸರ್?"

"ಇವತ್ತ ಮುಂಜಾನಿ ಒಂಬತ್ತಕ್ಕ ಹಿಡದಾರಂತ."

"ಇವತ್ತಲ್ರಿ, ನಿನ್ನಿ ಬುಧವಾರ ಮುಂಜಾನಿ. ನೀರಿನ ಟ್ಯಾಂಕರ್ ಬಂದಾಗ ಒಯ್ದಾರ. ಟ್ಯಾಂಕರ್ ಬುಧವಾರ, ಶನಿವಾರ ಅಷ್ಟ ಬರ್ತದ. ನೀವೂ ನೋಡೀರಲ್ರಿ, ಬಾಲ್ಕನ್ಯಾಗ ಹಲ್ಲು ತಿಕ್ಕೋತ ನಿಂತಿದ್ರಿ."

ನನಗೆ ನೆನಪಿರಲಿಲ್ಲ. ಹಾಗೆಂದೆ.

"ಅದೆಂಗ ನೆನಪಿಲ್ರಿ, ಇಷ್ಟ ಓದೀರಿ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಇನ್ನೊಂದ್ ದಿನಾ ಇಟ್ಕೊಂಡ್ರ ಹೊಡದು ಒಪ್ಪಸ್ತಾರ್ರಿ. ಅವ ಭಾಳ ಅಂಜತಾನ."

ಹಿಡಿದವನನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ನಿಲ್ಲಿಸಬೇಕೆಂಬುದರ ಮೇಲೆ ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವನು. ಆ ಗಡಿಯಾರ ಎಂದಿನಿಂದ ಓಡಲು ಶುರುವಾಗುತ್ತದೆ ಎಂಬುದನ್ನು ಮಾತ್ರ ಯಾವ ಪುಸ್ತಕವೂ ಕೇಳಿರಲಿಲ್ಲ. ಅದು ನಾನು ಸಹಿ ಹಾಕಿದ ಸಾಲಿನಿಂದ ಶುರುವಾಗುತ್ತಿತ್ತು. ಮಲ್ಲಮ್ಮನ ಲೆಕ್ಕದಲ್ಲಿ ಅವಧಿ ಮುಗಿದಿತ್ತು, ನನ್ನ ಸಹಿಯ ಲೆಕ್ಕದಲ್ಲಿ ಈಗಷ್ಟೇ ಆರಂಭ.

ಮತ್ತೆ ಮೆಟ್ಟಿಲು ಹತ್ತಿದೆ. ಹತ್ತುತ್ತಿದ್ದಂತೆ, ಆಶ್ಚರ್ಯ, ನೆನಪಾಗತೊಡಗಿತು: ಟ್ಯಾಂಕರಿನ ತುಕ್ಕು ಹಿಡಿದ ಹಿಂಬದಿ, ಕೊಡಗಳ ಸಾಲು, ಇಬ್ಬರು ಪೊಲೀಸರ ನಡುವೆ ಭೀಮಣ್ಣನ ಹಳದಿ ಬನಿಯನ್ನು. ನಿನ್ನೆಯೇ ಹಿಡಿದದ್ದಲ್ಲವೇ ಎಂದಾಗ ಹವಾಲ್ದಾರರು ಸಿಟ್ಟಾಗಲಿಲ್ಲ, "ನಕ್ಕಿ ಆಠವತಂಯ್ ಕಾ, ಸರ್?" ಎಂದರು. ಖಚಿತವಾಗಿ ನೆನಪಿದೆಯೇ ಎಂದು ನನ್ನಂಥವನನ್ನು ಕೇಳಿದರೆ! ಹೌದು ಎನ್ನಹೊರಟವನು ನನ್ನನ್ನೇ ಕೇಳಿಕೊಂಡೆ: ಇಷ್ಟು ಹೊತ್ತು ಎಲ್ಲಿತ್ತು ಈ ನೆನಪು?

ಕಾಗದ ಕೇಳಿ ಪಡೆದು ಈ ಸಲ ಮನಸ್ಸಿನಲ್ಲೇ ಓದಿದೆ. 'ಪಂಚರ ಸಮಕ್ಷಮದಲ್ಲಿ ಒಂಬತ್ತು ಗಂಟೆಗೆ' ಎಂದಿತ್ತು. ಪಂಚನಾದ ನಾನು ಬಂದದ್ದು ಹನ್ನೊಂದಕ್ಕೆ. ಇದನ್ನೇ ಗಟ್ಟಿಯಾಗಿ ಓದಿ, ಅನುವಾದಿಸಿ, ಸಹಿಯನ್ನೂ ಹಾಕಿದ್ದೆನಲ್ಲ! ಸಹಿಯ ಕೆಳಗೆ ಮರಾಠಿಯಲ್ಲೇ ಬರೆದೆ: 'ನಾನು ಹನ್ನೊಂದಕ್ಕೆ ಬಂದೆ. ಆಗಲೇ ಈತ ಇಲ್ಲಿ ಕೂತಿದ್ದ. ಯಾವಾಗ ಹಿಡಿದರೋ ನಾನು ಕಂಡಿಲ್ಲ.' ಬಾಲ್ಕನಿಯ ಸುದ್ದಿ ಎತ್ತಲಿಲ್ಲ.

ಹವಾಲ್ದಾರರು ಕಾಗದವನ್ನು ಒಳಗೆ ಒಯ್ದರು. ಒಳಗಿನಿಂದ ಸಾಹೇಬರು ಹೊರಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಪ್ರೊಫೆಸರ್ ಆಹಾತ್ ಕಾ?" ಎಂದರು. ಅಲ್ಲವೆಂದೆ. "ಮಗ ಠೀಕ್," ಹಾಗಾದರೆ ಸರಿ, ಎಂದವರು ಭೀಮಣ್ಣನನ್ನು ಅಂದೇ ಕೋರ್ಟಿಗೆ ಕಳಿಸಿದರು. ಅಲ್ಲಿ ಯಾವಾಗ ಹಿಡಿದರೆಂದು ಮ್ಯಾಜಿಸ್ಟ್ರೇಟರು ಕೇಳಿದರು. ಅವನು ಟ್ಯಾಂಕರಿನ ಕಥೆ ಹೇಳಿದ, ಜೊತೆಗೆ ಹೋಗಿದ್ದ ನಾನು ಅನುವಾದಿಸಿದೆ. ಅವರು ಪಂಚನಾಮೆಯ ಕೆಳತುದಿಯನ್ನು ಎರಡು ಸಲ ಓದಿದರು. ಸಂಜೆ ಐದಕ್ಕೆ ಭೀಮಣ್ಣ ಹೊರಗಿದ್ದ.

ಮರುದಿನ ಮಲ್ಲಮ್ಮ ಎದುರಾದಾಗ ನಾನು ತುಸು ಬೀಗುತ್ತಲೇ, ಬಾಲ್ಕನಿಯಿಂದ ನೋಡಿದ್ದು ಕಡೆಗೂ ನೆನಪಾಯಿತು, ಆದರೂ ಬರೆಯಲಿಲ್ಲ ಎಂದೆ. ಅವಳು ತಲೆಯ ಮೇಲಿನ ಬುಟ್ಟಿ ಸರಿಪಡಿಸಿಕೊಂಡಳು.

"ಟ್ಯಾಂಕರ್ ಬಂದದ್ದು ಖರೇರಿ, ಅವನ್ನ ಒಯ್ದದ್ದೂ ಖರೇ. ನೀವು ಮಾತ್ರ ಇರ್ಲಿಲ್ಲ. ನಿಮ್ಮ ಬಾಗಲಾ ಹಾಕಿತ್ತು."

"ಮತ್ತ ಹಂಗ್ಯಾಕ ಅಂದಿ?"

"ನೆನಪು ಮಾಡಿಕೊಟ್ರ ನೆನಪಾಗ್ತದ ಅನ್ಕೊಂಡ್ನಿರಿ."

ಅವಳೆಣಿಕೆ ತಪ್ಪಾಗಿರಲಿಲ್ಲ. ಇಷ್ಟು ವರ್ಷಗಳ ಮೇಲೂ ಆ ಬುಧವಾರ ನನಗೆ ಚೆನ್ನಾಗಿ ನೆನಪಿದೆ: ತುಕ್ಕು ಹಿಡಿದ ಟ್ಯಾಂಕರು, ಹಳದಿ ಬನಿಯನ್ನು, ನನ್ನ ಬಾಯಲ್ಲಿ ಪೇಸ್ಟಿನ ನೊರೆ.