ಫರಸಿ ಗುಡ್ಡೆಯ ಮೇಲೆ ಕೂತು ರಣಹದ್ದಿಗೆ ಕಾದದ್ದು

ಶಹಾಬಾದಿನಲ್ಲಿ ರೈಲಿಳಿದು ಅಕ್ಕನ ಹಳ್ಳಿಗೆ ಕಾಲುದಾರಿ ಹಿಡಿದದ್ದು ನನ್ನ ಬಿ.ಪಿ.ಯ ಸಲುವಾಗಿ. ನಡೆದರೆ ಇಳಿಯುತ್ತದೆ ಎಂದಿದ್ದರು ಡಾಕ್ಟರು. ಹಾಳುಬಿದ್ದ ಕಲ್ಲುಗಣಿಯ ಹತ್ತಿರ ನಾಯಿಗಳ ಹಿಂಡೊಂದು ಎದ್ದು ನಿಂತಿತು. ನೆಲಕ್ಕೆ ಹಾಸುವ ಫರಸಿಕಲ್ಲಿನ ಒಡೆದ ತುಂಡುಗಳ ಗುಡ್ಡೆ ಹತ್ತಿದೆ. ಈ ಹೊಟ್ಟೆ ಹೊತ್ತು ಹೇಗೆ ಹತ್ತಿದೆನೋ, ದೇವರಿಗೇ ಗೊತ್ತು. ಇಳಿಯುವ ದಾರಿ ಮಾತ್ರ ಕಾಣಲಿಲ್ಲ. ಮುಂದೆ ನಾಯಿಗಳು, ಹಿಂದೆ ನೀರು ತುಂಬಿದ ಗಣಿ. ಕಾಲು ಅಲುಗಿಸಿದರೆ ಕಲ್ಲೂ ಅಲುಗುತ್ತಿತ್ತು, ನಾಯಿಗಳೂ ಗುರ್ ಎನ್ನುತ್ತಿದ್ದವು.

ಅವು ಅಲ್ಲಿ ಬೀಡುಬಿಟ್ಟದ್ದಕ್ಕೆ ಕಾರಣ ಒಂದು ಸತ್ತ ಎಮ್ಮೆ. ಈ ಕಡೆ ಒಂದು ಮೊಳ ಮಣ್ಣು ತೆಗೆದರೆ ಕಲ್ಲು ಹತ್ತುತ್ತದೆ. ಹಾಗಾಗಿ ಸತ್ತ ದನವನ್ನು ಯಾರೂ ಹೂಳುವುದಿಲ್ಲ, ತಂದು ಗಣಿಯ ದಂಡೆಗೆ ಹಾಕುತ್ತಾರೆ. ನಾನು ಸಣ್ಣವನಿದ್ದಾಗ ರಣಹದ್ದುಗಳು ಇಳಿದು ಸಂಜೆಯೊಳಗೆ ಎಲುಬಷ್ಟೇ ಉಳಿಸುತ್ತಿದ್ದವು. ಅವುಗಳ ಬೋಳು ಕುತ್ತಿಗೆಗೆ ಹೆದರಿ, ಅಕ್ಕನ ಸೆರಗಿನೊಳಗೆ ಮುಖ ಹುದುಗಿಸಿ ಇಲ್ಲಿ ದಾಟುತ್ತಿದ್ದೆ. ಇವು ಒಮ್ಮೆ ತೊಲಗಲಿ ಎಂದು ಬೇಡಿಕೊಂಡದ್ದೂ ಉಂಟು. ಅವು ತೊಲಗಿದವು. ಹೆಣ ತಂದು ಹಾಕುವ ರೂಢಿ ಉಳಿಯಿತು. ಆ ಊಟ ನಾಯಿಗಳ ಪಾಲಾಗಿ, ನಾಯಿಗಳು ಹೆಚ್ಚಿದವು.

ಅಕ್ಕನಿಗೆ ಫೋನು ಹಚ್ಚಿದೆ.

"ಅಕ್ಕಾ, ಗಣಿ ಹತ್ರ ಸಿಕ್ಕಿಬಿದ್ದೀನಿ. ಸುತ್ತ ನಾಯಿ!"

"ಆ ದಾರಿಗಿ ಯಾಕ ಬಂದಿಯೋ ಖೋಡಿ? ನಿನ್ನೆ ನಮ್ಮ ಎಮ್ಮಿ ಸತ್ತೈತಿ, ಅಲ್ಲೇ ಹಾಕ್ಯಾರ. ಟ್ರ್ಯಾಕ್ಟರ್ ತಗೊಂಡು ಬರಾಕತ್ತೀನಿ. ಸುಮ್ನ ಕುಂದ್ರು."

ಸುಮ್ಮನೆ ಕೂತೆ. ಬೇರೆ ಏನು ಮಾಡಲಿ? ಸೇಡಮ್ಮಿನ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ಕಣ್ಮರೆಯಾದ ಪ್ರಾಣಿಗಳ ಪಾಠ ಬಾಯಿಪಾಠವಾಗಿದೆ. ಈ ಬಯಲಿನ ಚೀತಾ ಬೇಟೆಗೆ, ಹುಲ್ಲುಗಾವಲಿನ ನಾಶಕ್ಕೆ ಹೋಯಿತು. ರಣಹದ್ದು ದನದ ನೋವಿಗೆ ಚುಚ್ಚುವ ಔಷಧಿಗೆ ಹೋಯಿತು. ಆ ಔಷಧಿಯ ಅಂಶ ಉಳಿದ ಮಾಂಸ ತಿಂದರೆ ಹದ್ದಿನ ಮೂತ್ರಪಿಂಡ ಕೆಡುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾಯಿಗಳ ಮುಂದೆ ನಯಾಪೈಸೆಯ ಉಪಯೋಗವಾಗಲಿಲ್ಲ. ಒಂದಾದರೂ ರಣಹದ್ದು ಬಂದೀತೇ ಎಂದು ಆಕಾಶ ನೋಡುತ್ತ ಕೂತೆ.

ತುಸು ಹೊತ್ತಿಗೆ ಟ್ರ್ಯಾಕ್ಟರ್ ಬಂತು. ಪಕ್ಕದ ಮನೆಯವನು ಓಡಿಸುತ್ತಿದ್ದ, ಅಕ್ಕ ಹಿಂದಿನ ಟ್ರಾಲಿಯಲ್ಲಿ ಬಡಿಗೆ ಹಿಡಿದು ನಿಂತಿದ್ದಳು. ನಾಯಿಗಳು ನಾಲ್ಕು ಮಾರು ಸರಿದವು, ಅಷ್ಟೇ.

"ಇಳಿಯೋ ಮಾಸ್ತರ!"

"ಮೊದ್ಲ ನಾಯಿ ಓಡ್ಸು."

"ಆಗ ಹದ್ದಿಗಿ ಅಂಜತಿದ್ದಿ, ಈಗ ನಾಯಿಗಿ. ನಿನ್ನ ಅಂಜಿಕಿ ಮಾತ್ರ ಎಲ್ಲೀನೂ ಹೋಗ್ಲಿಲ್ಲ ನೋಡು."

ಅಂಡಿನ ಮೇಲೆ ಜಾರಿ ಟ್ರಾಲಿಯೊಳಗೆ ಬಿದ್ದೆ. ಪ್ಯಾಂಟು ಹರಿಯಿತು. ಉಸಿರು ಹತೋಟಿಗೆ ಬಂದ ಮೇಲೆ ಕೇಳಿದೆ: "ಎಮ್ಮಿಗಿ ಏನಾಗಿತ್ತು?"

"ಕಾಲುನೋವು. ಒಂದು ವಾರ ದಿನಾ ಸೂಜಿ ಹಾಕಿಸೀವಿ. ಭಾಳ ನರಳತಿತ್ತಪ."

"ಯಾವ ಸೂಜಿ?"

"ನಂಗೇನ್ ಗೊತ್ತು? ನೋವಿಂದು."

ಹದ್ದಿಗೆ ಕೆಡುಕಾದ ಒಂದು ಔಷಧಿಯನ್ನು ದನಗಳಿಗೆ ಹಾಕದಂತೆ ನಿಷೇಧಿಸಿದ್ದಾರೆ. ಅದರಂಥವೇ ಬೇರೆಯವೂ ಇವೆ. ಇದು ಯಾವುದೋ. ನರಳುವ ಎಮ್ಮೆಯ ಮುಂದೆ ಕೂತವಳಿಗೆ ಆ ಪಾಠ ಬೇಡವೆಂದು ಪ್ಯಾಂಟಿನ ಧೂಳು ಕೊಡವಿದೆ.

ಟ್ರ್ಯಾಕ್ಟರ್ ಹೊರಟಾಗ ನಾಯಿಗಳು ಮತ್ತೆ ಎಮ್ಮೆಯ ಸುತ್ತ ಸೇರಿದವು. ನಾನು ಟ್ರಾಲಿಯ ಸರಳು ಹಿಡಿದು ಇನ್ನೊಮ್ಮೆ ಆಕಾಶ ನೋಡಿದೆ, ಈ ಸಲ ಯಾವ ಹದ್ದೂ ಬರದಿರಲಿ ಎಂದು.